ಪುಟ್ಟಿಗೆ, ನೀರು, ಕರೆಂಟು, ಗ್ಯಾಸಿನ ಬಗ್ಗೆ

ಪೆರ್ಲ, ಕಾಸರಗೋಡು
ಭಾನುವಾರ ಸಂಜೆ

ಚಿ| ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಬೆಂಗಳೂರಿನಲ್ಲಿ ಮನೆ ಗೊತ್ತಾಯಿತು, ಬರುವ ವಾರ ಕಣ್ಣೂರು–ಬೆಂಗಳೂರು ರೈಲಿಗೆ ಹೊರಡುತ್ತಾಳೆ ಅಂತ ನಿನ್ನೆ ನಿನ್ನಮ್ಮ ಫೋನ್ ಮಾಡಿದ್ದಳು. ಪಿಜಿ ಬೇಡ, ಗೆಳತಿ ಜೊತೆ ಸೇರಿ ಮನೆ ಮಾಡುತ್ತೇನೆ ಅಂತ ನೀನು ಹಟ ಹಿಡಿದೆಯಂತೆ. ನನಗೆ ಅದು ತುಂಬ ಇಷ್ಟವಾಯಿತು. ಸ್ವಂತ ಒಲೆ ಹಚ್ಚಿ ಗಂಜಿ ಬೇಯಿಸಿಕೊಂಡು ಉಂಡರೆ ಊರು ಬೇಗ ನಮ್ಮದಾಗುತ್ತದೆ. ಕೆಲವು ಸಂಗತಿ ಫೋನಿನಲ್ಲಿ ಹೇಳಿದರೆ ನಿಲ್ಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದವನ್ನು ಅಡಿಗೆಮನೆ ಕಪಾಟಿನ ಒಳಬಾಗಿಲಿಗೆ ಅಂಟಿಸಿಡು.

ನೀನು ಹುಟ್ಟಿ ಬೆಳೆದ ಮನೆಯನ್ನು ಒಮ್ಮೆ ನೆನಪು ಮಾಡಿಕೋ. ಹಿಂದಿನ ಮುರಕಲ್ಲಿನ ಗುಡ್ಡೆಯಲ್ಲಿ ಅಜ್ಜ ತೋಡಿಸಿದ ಸುರಂಗ ಇದೆ. ಅದರ ನೀರು ಮೊದಲು ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ ತಾನಾಗಿ ಇಳಿದು ಟಾಂಕಿಗೆ ಬೀಳುತ್ತದೆ. ಪಂಪೂ ಇಲ್ಲ, ಬಿಲ್ಲೂ ಇಲ್ಲ. ಮೇ ತಿಂಗಳಲ್ಲಿ ಧಾರೆ ಕಿರುಬೆರಳಿನಷ್ಟು ಸಪುರವಾದರೆ ಯಾರೂ ಹೇಳದೆ ನೀನೇ ಬಟ್ಟೆ ಒಗೆಯುವುದನ್ನು ಎರಡು ದಿನಕ್ಕೊಮ್ಮೆ ಮಾಡುತ್ತಿದ್ದೆ. ಗ್ಯಾಸ್ ಹಟ್ಟಿಯ ಬದಿಯ ಗೋಬರ್ ಗ್ಯಾಸಿನದ್ದು. ಒಲೆ ಮಂಕಾಯಿತೆಂದರೆ ಬೆಳಿಗ್ಗೆ ಸೆಗಣಿ ಕಲಸಿ ಹಾಕಿಲ್ಲ ಅಂತಲೇ ಅರ್ಥ. ಆಟಿ ಮಳೆಗೆ ಕರೆಂಟು ಹೋದರೂ ಯಾವ ತಿರುವಿನಲ್ಲಿ ಹಲಸಿನ ಗೆಲ್ಲು ತಂತಿಯ ಮೇಲೆ ಬಿದ್ದಿರಬಹುದು ಅಂತ ನಿನ್ನಪ್ಪ ಜಗಲಿಯಲ್ಲಿ ಕೂತೇ ಹೇಳಬಲ್ಲರು.

ಬೆಂಗಳೂರಿನ ಮನೆಯಲ್ಲಿ ಇವೆಲ್ಲ ಗೋಡೆಯೊಳಗಿಂದ ಬರುತ್ತವೆ. ಎಲ್ಲಿಂದ ಹೊರಟು ಬಂತು, ಎಲ್ಲಿ ತಡೆದರೆ ನಿಲ್ಲುತ್ತದೆ ಅಂತ ಕಣ್ಣಿಗೆ ಕಾಣುವುದಿಲ್ಲ. 1988ರಲ್ಲಿ ಮದುವೆಯಾಗಿ ಅಲ್ಲಿಗೆ ಹೋದವಳು ನಾನು, 28 ವರ್ಷ ಸಂಸಾರ ಮಾಡಿದೆ. ನಿನಗೆ ಹೇಳುವುದು ಇಷ್ಟೇ: ಕೀಲಿಕೈ ಕೈಗೆ ಬಂದ ದಿನವೇ, ಹಾಲು ಉಕ್ಕಿಸುವ ಮೊದಲು, ಮನೆಗೆ ಬರುವ ಪ್ರತಿಯೊಂದರ ಮೂಲ ಯಾವುದು, ಅದನ್ನು ನಿಲ್ಲಿಸುವ ಜಾಗ ಎಲ್ಲಿ ಎಂದು ಕಣ್ಣಾರೆ ಕಂಡು, ಕೈಯಿಂದ ಮುಟ್ಟಿ ತಿಳಿದುಕೋ.

ನಾನು ಇದನ್ನು ಕಲಿತ ಬಗೆ ಹೇಳುತ್ತೇನೆ. ನಾವು ಅಲ್ಲಿನ ಮೊದಲ ಮನೆಗೆ ಹೋಗಿ ಹತ್ತು ದಿನವಾಗಿರಬಹುದು. ದೊಡ್ಡಪ್ಪನಿಗೆ ರಾತ್ರಿ ಪಾಳಿ. ಒಂಬತ್ತು ಗಂಟೆಗೆ ಪಾತ್ರೆ ತೊಳೆಯಲು ನಳ್ಳಿ ತಿರುಗಿಸಿದರೆ ಅದರ ತಲೆಯೇ ಕೈಗೆ ಬಂತು. ನೀರು ಎದುರಿನ ಗೋಡೆಗೆ ಹಾರಿತು. ಚಿಂದಿ ಬಟ್ಟೆ ತುರುಕಿದೆ, ಅಂಗೈ ಒತ್ತಿ ಹಿಡಿದೆ, ಬೆರಳ ಸಂದಿಯಿಂದ ಚಿಮ್ಮುತ್ತಲೇ ಇತ್ತು. ಕೊನೆಗೆ ಬಿಟ್ಟು ತಾರಸಿಗೆ ಓಡಿದೆ. ಕತ್ತಲೆಯಲ್ಲಿ ತಡಕಾಡಿದರೆ ಟಾಂಕಿಯಿಂದ ನಾಲ್ಕು ಪೈಪು ಇಳಿದಿವೆ, ನಾಲ್ಕಕ್ಕೂ ಒಂದೇ ತರಹದ ವಾಲ್ವು. ಎರಡು ತುಕ್ಕು ಹಿಡಿದು ಅಲುಗಾಡಲಿಲ್ಲ. ನಮ್ಮದು ಯಾವುದೆಂದು ಗೊತ್ತಾಗುವ ಹೊತ್ತಿಗೆ ಅಡಿಗೆಮನೆಯಲ್ಲಿ ಕಾಲಿನ ಮಣಿಗಂಟು ಮುಳುಗುವಷ್ಟು ನೀರು. ಮೆಟ್ಟಿಲಲ್ಲಿ ಇಳಿದು ಕೆಳಗಿನ ಮನೆಗೆ ಹೋಗಿ, ಅವರು ಊರಿನಿಂದ ತರಿಸಿಟ್ಟ ಅಕ್ಕಿ ಮೂಟೆ ಒದ್ದೆಯಾಯಿತು. ಆ ಅಮ್ಮ ಒಂದು ಮಾತೂ ಬೈಯಲಿಲ್ಲ. ಮರುದಿನ ಚಾಪೆಯ ಮೇಲೆ ಅಕ್ಕಿ ಹರವಿ ಕೂತಿದ್ದರು, ಅದನ್ನು ನೋಡಿ ನನಗೆ ಅಳು ಬಂತು. ಆ ಮಧ್ಯಾಹ್ನವೇ ಹಳೆ ರವಿಕೆ ಹರಿದು, ಅಡಿಗೆಮನೆಯ ವಾಲ್ವಿಗೆ ಕೆಂಪು ಚಿಂದಿ, ಬಚ್ಚಲಿನದ್ದಕ್ಕೆ ಹಸಿರು ಕಟ್ಟಿದೆ. ತುಕ್ಕು ಹಿಡಿದವಕ್ಕೆ ಎಣ್ಣೆ ಬಿಟ್ಟು ತಿಂಗಳಿಗೊಮ್ಮೆ ತಿರುಗಿಸಿಡುತ್ತಿದ್ದೆ. ಆಮೇಲೆ ಮೂರು ಮನೆ ಬದಲಿಸಿದೆವು, ಮೂರರಲ್ಲೂ ಮೊದಲ ಕೆಲಸ ಇದೇ.

ಇನ್ನು ನೀರಿನ ಮೂಲ. ನೀರು ಇದೆಯಾ ಅಂತ ಕೇಳಿದರೆ ಯಾವ ಮನೆ ಮಾಲಿಕರೂ ಇಲ್ಲ ಅನ್ನುವುದಿಲ್ಲ. ಹೀಗೆ ಕೇಳು: ಕಾವೇರಿ ನೀರೋ, ಬೋರಿನದ್ದೋ, ಟ್ಯಾಂಕರಿನದ್ದೋ? ವಾರದಲ್ಲಿ ಯಾವ ದಿನ, ಎಷ್ಟು ಹೊತ್ತು ಬಿಡುತ್ತಾರೆ? ಸಂಪು ಎಷ್ಟು ಲೀಟರಿನದ್ದು, ಮೋಟಾರು ಹಾಕುವುದು ಯಾರು? ಟ್ಯಾಂಕರ್ ತರಿಸಿದರೆ ದುಡ್ಡು ಯಾರ ಲೆಕ್ಕಕ್ಕೆ? ಈ ಕೊನೆಯದ್ದನ್ನು ಬಾಡಿಗೆ ಕರಾರಿನಲ್ಲೇ ಬರೆಸು. 2024ರ ಮಾರ್ಚಿನಲ್ಲಿ ನಾನು ಮಗನ, ಅಂದರೆ ನಿನ್ನಣ್ಣನ ಮನೆಯಲ್ಲಿದ್ದೆ. ಬೋರುಗಳು ಬತ್ತಿ ಊರಿಗೆ ಊರೇ ಟ್ಯಾಂಕರಿಗೆ ಕಾಯುತ್ತಿತ್ತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳತೊಡಗಿದ ಮೇಲೆ ಸರಕಾರವೇ ದರ ಗೊತ್ತುಮಾಡಿತು: 5 ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಅಂಥ ಬೇಸಗೆ ಮತ್ತೆ ಬಾರದೆಂದು ನಂಬಿ ಕೂರಬೇಡ. ಮನೆಯಲ್ಲಿ ಮುಚ್ಚಳ ಇರುವ ಎರಡು ದೊಡ್ಡ ಡ್ರಮ್ಮು ಯಾವಾಗಲೂ ತುಂಬಿರಲಿ.

ನಿನ್ನ ಮನೆ ಇರುವ ಕಡೆ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಲ್ಲಿ ಒಂದು ಅಂತ ಅಣ್ಣ ಹೇಳಿದ. ಆ ಹಳ್ಳಿಗಳಿಗೆಂದೇ ಕಾವೇರಿ ಐದನೇ ಹಂತ ಮಾಡಿದ್ದು. 2024ರ ಅಕ್ಟೋಬರಿನಲ್ಲಿ ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ. ಆದರೆ ಬೀದಿಗೆ ಪೈಪು ಬಂದ ಮಾತ್ರಕ್ಕೆ ಮನೆಗೆ ಬಂದಂತಾಗಲಿಲ್ಲ, ಮನೆ ಮಾಲಿಕರು ಜಲಮಂಡಳಿಗೆ ಅರ್ಜಿ ಹಾಕಿ ಕನೆಕ್ಷನ್ ತೆಗೆದುಕೊಂಡಿರಬೇಕು. ನೀರಿನ ಬಿಲ್ ತೋರಿಸಿ ಅಂತ ಕೇಳು. ದೂರು ಕೊಡುವುದಿದ್ದರೆ 1916.

ಆ ನೀರು ಹೇಗೆ ಬರುತ್ತದೆಂದು ನಿನಗೆ ತಿಳಿದಿರಲಿ ಪುಟ್ಟಿ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್, ಮೂರು ಕಡೆ ಪಂಪು ಮಾಡಿ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸುತ್ತಾರೆ. ನಮ್ಮ ಸುರಂಗದ ನೀರು ಇಳಿದು ಬರುವಂಥದ್ದು, ಇದು ಹತ್ತಿ ಬರುವಂಥದ್ದು. ಒಂದು ಕೊಡಪಾನ ಚೆಲ್ಲುವಾಗ ಅದು ನೆನಪಿಗೆ ಬಂದರೆ ಸಾಕು.

ಬೋರಿನ ನೀರಾದರೆ ಕುಕ್ಕರಿನ ತಳದಲ್ಲಿ ವಾರದೊಳಗೆ ಬಿಳಿ ಪೊರೆ ಕಟ್ಟುತ್ತದೆ. ಅಂಥ ಕಡೆ ಫಿಲ್ಟರ್ ಬೇಕು. ಆದರೆ ಅಂಗಡಿಯವರು ಹೇಳಿದ ಕೂಡಲೇ ಆರ್‌ಒ ಕೊಳ್ಳಬೇಡ. ಮೊದಲು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣದ ಅಂಶ, ಅಳೆಸು. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಕುಡಿಯಲು ಅಡ್ಡಿಯಿಲ್ಲ ಅಂತ ನಮ್ಮ ದೇಶದ ಮಾನಕವೇ ಹೇಳುತ್ತದೆ; ಕುದಿಸಿ ಆರಿಸಿ ಕುಡಿ, ಅಥವಾ ಯುವಿ ಇರುವ ಸಣ್ಣ ಫಿಲ್ಟರ್ ಸಾಕು. ಆರ್‌ಒ ಹಾಕಲೇಬೇಕಾಗಿ ಬಂದರೆ ಅದು ಹೊರಗೆ ಬಿಡುವ ನೀರನ್ನು ಬಾಲ್ದಿಯಲ್ಲಿ ಹಿಡಿದು ನೆಲ ಒರೆಸು.

ಕರೆಂಟಿಗೆ ಬರುತ್ತೇನೆ. ಇಲ್ಲಿ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯವರದ್ದು 13 ಅಂಕಿಯ ಕನ್ಸ್ಯೂಮರ್ ನಂಬರ್, ಎರಡು ತಿಂಗಳಿಗೊಂದು ಬಿಲ್. ಅಲ್ಲಿ ಬೆಸ್ಕಾಂ, ತಿಂಗಳು ತಿಂಗಳೂ ಬಿಲ್. ಅದರಲ್ಲಿ ಆರ್‌ಆರ್ ನಂಬರ್ ಅಂತ ಒಂದು, ಅಕೌಂಟ್ ಐಡಿ ಅಂತ ಇನ್ನೊಂದು ಇರುತ್ತದೆ. ಎರಡನ್ನೂ ಬರೆದಿಟ್ಟುಕೋ. ದೂರಿನ ನಂಬರ್ ಮಾತ್ರ ಇಲ್ಲೂ ಅಲ್ಲೂ 1912. ಅಡ್ವಾನ್ಸ್ ಕೊಡುವ ಮೊದಲು ಕೊನೆಯ ಬಿಲ್ಲೂ ಅದು ಕಟ್ಟಿದ ರಶೀದಿಯೂ ನೋಡು. ನಮ್ಮ ಎರಡನೇ ಮನೆಯಲ್ಲಿ ಹಿಂದಿನ ಬಾಡಿಗೆಯವರು ನಾಲ್ಕು ತಿಂಗಳ ಬಾಕಿ ಬಿಟ್ಟು ಹೋಗಿದ್ದರು, ನಾವು ಸಾಮಾನು ಇಳಿಸಿದ ಮೂರನೇ ದಿನ ಫ್ಯೂಸ್ ಕಿತ್ತುಕೊಂಡು ಹೋದರು. ನಿನ್ನಣ್ಣ ಆಗ ಎಂಟು ತಿಂಗಳ ಕೂಸು.

ಹೋದ ದಿನವೇ ಮೀಟರಿನ ಅಂಕಿಯ ಫೋಟೋ ತೆಗೆದು ಮನೆ ಮಾಲಿಕರಿಗೆ ಕಳಿಸು. ಆಮೇಲೆ ಮನೆಯ ಎಲ್ಲ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಮೀಟರಿನ ಎದುರು ಐದು ನಿಮಿಷ ನಿಂತುಕೋ. ಅದರ ಸಣ್ಣ ಕೆಂಪು ದೀಪ ಆಗಲೂ ಮಿನುಗುತ್ತಲೇ ಇದ್ದರೆ ಬೇರೆ ಯಾವುದೋ ತಂತಿ ನಿನ್ನ ಮೀಟರಿಗೆ ಸೇರಿದೆ ಅಂತ ತಿಳಿ. ಮೆಟ್ಟಿಲಿನ ಬಲ್ಬೋ, ನೀರಿನ ಮೋಟಾರೋ, ಪಕ್ಕದ ಕೋಣೆಯೋ. ಅದನ್ನು ಮೊದಲ ವಾರದಲ್ಲೇ ನಯವಾಗಿ ಮಾತಾಡಿ ಸರಿಮಾಡಿಸು, ಆರು ತಿಂಗಳು ಕಳೆದು ಹೇಳಿದರೆ ಜಗಳವಾಗುತ್ತದೆ. ಮೈನ್ ಸ್ವಿಚ್ಚಿನ ಬದಿಯಲ್ಲಿ, ಕರೆಂಟು ಸೋರಿದರೆ ತಾನಾಗಿ ಕಡಿಯುವ ಇಎಲ್‌ಸಿಬಿ ಇದೆಯೋ ನೋಡು. ಅದರ ಮೇಲೆ ಟಿ ಅಂತ ಗುರುತಿರುವ ಗುಂಡಿ ಒತ್ತಿದರೆ ಟಪ್ಪೆಂದು ಕರೆಂಟು ಹೋಗಬೇಕು. ಹೋಗದಿದ್ದರೆ ಅದು ಹಾಳಾಗಿದೆ, ಬದಲಿಸುವವರೆಗೆ ಗೀಸರ್ ಹಾಕಬೇಡ. ಈ ಮಾತಿಗೆ ಎದುರಾಡಬೇಡ.

ಗೀಸರ್ ಅಂದಾಗ ನೆನಪಾಯಿತು. ಬಚ್ಚಲು ಹಂಡೆಯ ಒಲೆಗೆ ತೆಂಗಿನ ಮಡಲು ತುರುಕಿ ಬಿಸಿನೀರು ಮೀಯುವ ಅಭ್ಯಾಸ ನಿನ್ನದು. ಅಲ್ಲಿ 2,000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಅಂತ ಹಲವರು ತಪ್ಪು ತಿಳಿದಿದ್ದಾರೆ. 2022–23ರಲ್ಲಿ ಆ ಮೀಟರಿನಲ್ಲಿ ಎಷ್ಟು ಸರಾಸರಿ ಉರಿದಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ಮಿತಿ ಗೊತ್ತುಮಾಡಿದ್ದಾರೆ. ಮಿತಿ ದಾಟಿದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. ಬಾಡಿಗೆಯವರೂ ಕರಾರು ಪತ್ರ ಇಟ್ಟು ಅರ್ಜಿ ಹಾಕಬಹುದು, ಆದರೆ ಹಿಂದಿನವರ ಆಧಾರ್ ಆ ಮೀಟರಿನಿಂದ ಬಿಡಿಸಿರಬೇಕು. ಸಬ್‌ಮೀಟರಿನ ಮನೆಯಾದರೆ ಯೂನಿಟಿಗೆ ಎಷ್ಟು ಅಂತ ಮೊದಲೇ ಮಾತಾಡಿಕೋ.

ಗ್ಯಾಸಿನ ವಿಷಯದಲ್ಲಿ ನನಗೆ ನಿನ್ನದೇ ಚಿಂತೆ. ಗೋಬರ್ ಗ್ಯಾಸಿನ ಒಲೆ ಹಚ್ಚಿ ಗೊತ್ತಿರುವವಳಿಗೆ ಸಿಲಿಂಡರಿನ ಸ್ವಭಾವ ಬೇರೆ. ಅದು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡಿ ಕೂರುತ್ತದೆ. ವಾಸನೆ ಬಂದರೆ ಲೈಟು, ಫ್ಯಾನು ಯಾವುದನ್ನೂ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡು. ಕೆಲವು ಬಡಾವಣೆಗಳಲ್ಲಿ ಪೈಪಿನಲ್ಲೇ ಗ್ಯಾಸ್ ಬರುತ್ತದೆ. ಕೊಚ್ಚಿಯಿಂದ ಮಂಗಳೂರಿಗೆ ನಮ್ಮ ಜಿಲ್ಲೆ ಹಾದು ಪೈಪು ಹಾಕಿದರಲ್ಲ, 2021ರಲ್ಲಿ ಉದ್ಘಾಟನೆಯಾದದ್ದು, ಆ ಜಾತಿಯ ಗ್ಯಾಸ್ ಅದು. ಗಾಳಿಗಿಂತ ಹಗುರ, ಮಾಡಿನ ಕಡೆ ಏರುತ್ತದೆ. ಅದಿದ್ದರೆ ಒಳ್ಳೆಯದೇ, ಅದರ ವಾಲ್ವಿಗೂ ಒಂದು ಚಿಂದಿ ಕಟ್ಟು.

ಇಲ್ಲದಿದ್ದರೆ ಹೊಸ ಕನೆಕ್ಷನ್ ಮಾಡಿಸಬೇಕು. ಅಮ್ಮನ ಹೆಸರಿನದ್ದು ಇಲ್ಲೇ ಇರಲಿ. ನಿನಗೆ ಆಧಾರ್, ಬಾಡಿಗೆ ಕರಾರು ಬೇಕು. 2022ರ ಜೂನಿನಿಂದ 14.2 ಕಿಲೋ ಸಿಲಿಂಡರಿಗೆ ಠೇವಣಿ 2,200, ರೆಗ್ಯುಲೇಟರಿಗೆ 250. ಅದಕ್ಕೆ ಕೊಡುವ ವೋಚರನ್ನು ಸರ್ಟಿಫಿಕೇಟುಗಳ ಜೊತೆ ಇಡು, ಊರು ಬಿಡುವಾಗ ಠೇವಣಿ ಹಿಂದೆ ಸಿಗುವುದು ಆ ಕಾಗದದಿಂದ. ಕಾಗದಪತ್ರ ಆಗುವವರೆಗೆ ಏಜೆನ್ಸಿಯಲ್ಲಿ 5 ಕಿಲೋದ ಸಣ್ಣ ಸಿಲಿಂಡರ್ ಸಿಗುತ್ತದೆ, ವಿಳಾಸದ ದಾಖಲೆ ಕೇಳುವುದಿಲ್ಲ. ರಸ್ತೆ ಬದಿಯ ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲಿ ತುಂಬಿಸಿ ಕೊಡುತ್ತಾರೆ, ಎಷ್ಟೇ ಅವಸರವಿದ್ದರೂ ಅದನ್ನು ಮನೆಯೊಳಗೆ ತರಬೇಡ. ಸಿಲಿಂಡರ್ ಬಂದಾಗ ಅದರ ಹಿಡಿಯ ಕೆಳಗಿನ ಪಟ್ಟಿಗಳ ಒಳಬದಿ ನೋಡು, ಎ, ಬಿ, ಸಿ, ಡಿ ಯಾವುದಾದರೊಂದು ಅಕ್ಷರವೂ ಎರಡು ಅಂಕಿಯೂ ಬರೆದಿರುತ್ತದೆ. ಮೂರು ಮೂರು ತಿಂಗಳಿಗೊಂದು ಅಕ್ಷರ. ಬಿ-28 ಅಂದರೆ 2028ರ ಜೂನಿನೊಳಗೆ ಅದನ್ನು ಪರೀಕ್ಷೆಗೆ ಕಳಿಸಬೇಕು. ದಿನ ದಾಟಿದ್ದರೆ ತೆಗೆದುಕೊಳ್ಳಬೇಡ. ರಬ್ಬರ್ ಟ್ಯೂಬಿಗೆ ಐದು ವರ್ಷ ಆಯುಷ್ಯ, ಹಿಂದಿನವರು ಬಿಟ್ಟು ಹೋದದ್ದನ್ನು ಹಾಕಲೇಬೇಡ.

ನಿನ್ನ ಆಧಾರಿನಲ್ಲಿ ಇಂಗ್ಲಿಷಿನ ಜೊತೆ ಮಲಯಾಳ ಇದೆ. ಅಲ್ಲಿನ ಕೌಂಟರಿನಲ್ಲಿ ಅದನ್ನು ನೋಡಿ, ಕನ್ನಡ ಬರುತ್ತದಾ ಅಂತ ಕೇಳುವವರು ಸಿಗುತ್ತಾರೆ. ನನಗೂ ಸಿಕ್ಕಿದ್ದಾರೆ. ಬೇಸರ ಮಾಡಬೇಡ, ನಾವು ಕಾಸರಗೋಡಿನವರು, ಮನೆಮಾತೂ ಶಾಲೆಯೂ ಕನ್ನಡವೇ ಅಂತ ಹೇಳು, ಮುಖ ಅರಳಿಸಿ ಮಾತಾಡುತ್ತಾರೆ. ಒಂದೇ ಎಚ್ಚರ: ನಿನ್ನ ಹೆಸರಿನ ಇನಿಶಿಯಲ್ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದೆ. ಕರಾರು, ಗ್ಯಾಸು, ಬ್ಯಾಂಕು ಎಲ್ಲದರಲ್ಲೂ ಆಧಾರಿನಲ್ಲಿ ಇದ್ದಂತೆಯೇ ಬರೆಸು. ಕರಾರು ಸಾಮಾನ್ಯವಾಗಿ 11 ತಿಂಗಳಿನದ್ದು. ಮನೆ ಬಿಡುವಾಗ ಪೇಂಟಿಂಗಿಗೆ ಎಷ್ಟು ಮುರಿದುಕೊಳ್ಳುತ್ತಾರೆ ಅಂತಲೂ ಅದರಲ್ಲೇ ಇರಲಿ.

ಇಂಟರ್‌ನೆಟ್ಟು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆ ಕಟ್ಟಡದಲ್ಲಿ ಯಾರ ಕೇಬಲ್ ಸರಿ ನಡೆಯುತ್ತದೆ ಅಂತ ಪಕ್ಕದ ಮನೆಯವರನ್ನು ಕೇಳು, ಮೊದಲಿಗೇ ವರ್ಷದ ದುಡ್ಡು ಕಟ್ಟಬೇಡ. ಕಸ ಇಲ್ಲಿ ಮನೆಮನೆಗೆ ಬರುವ ಹರಿತ ಕರ್ಮ ಸೇನೆಯವರಿಗೆ ಪ್ಲಾಸ್ಟಿಕ್ ತೊಳೆದು ಕೊಟ್ಟು ಅಭ್ಯಾಸವಿದೆಯಲ್ಲ. ಅಲ್ಲಿ ಹಸಿ, ಒಣ, ಪ್ಯಾಡಿನಂಥದ್ದು ಅಂತ ಬೇರೆ ಬೇರೆ. ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕೊಡು. ಅದನ್ನು ಕೈಯಿಂದ ಎತ್ತುವವರೂ ಹೆಂಗಸರೇ.

ನಾಡಿದ್ದು ನಿನ್ನಪ್ಪ ಇಲ್ಲಿಗೆ ಬರುವಾಗ ಒಂದು ಚೀಲ ಕೊಟ್ಟು ಕಳಿಸುತ್ತೇನೆ. ಮಾವಿನಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಂದು ಟಾರ್ಚು ಇದೆ. ಬದಿಯ ಜೇಬಿನಲ್ಲಿ ಕೆಂಪು, ಹಸಿರು, ಹಳದಿ ಚಿಂದಿ ಮಡಚಿಟ್ಟಿದ್ದೇನೆ, ಹೊಸ ಬಟ್ಟೆಯದ್ದೇ, ಬಿಸಿಲಿಗೆ ಬೇಗ ಬಣ್ಣ ಹೋಗುವುದಿಲ್ಲ. ಹಗಲು ಹೊತ್ತಿನಲ್ಲೇ ತಾರಸಿಗೆ ಹೋಗು, ಗೆಳತಿಯನ್ನೂ ಕರೆದುಕೊಂಡು ಹೋಗು. ಒಬ್ಬಳು ಕೆಳಗೆ ನಳ್ಳಿ ಬಿಟ್ಟು ನಿಲ್ಲಿ, ಒಬ್ಬಳು ಮೇಲೆ ವಾಲ್ವು ತಿರುಗಿಸಿ. ಕಟ್ಟಿದ ಮೇಲೆ ಒಂದು ಫೋಟೋ ಕಳಿಸು, ನಾನು ಕಾದಿರುತ್ತೇನೆ.

ಇತಿ ಆಶೀರ್ವಾದಗಳೊಂದಿಗೆ,
ದೊಡ್ಡಮ್ಮ