ಕ್ಯಾಮೆರಾ ನೋಡಿದರೆ ಸಾಲದು, ಆಗಲೇ ಎಬ್ಬಿಸಬೇಕು

ಮಾನ್ಯ ಸಂಪಾದಕರೇ,

ನಾನು ಸಕಲೇಶಪುರ ಕಡೆಯ ಸಣ್ಣ ಕಾಫಿ ಬೆಳೆಗಾರ. ಕಣದಲ್ಲಿ ರೊಬಸ್ಟಾ ಚೆರ್ರಿ ಒಣಗಲು ಎರಡು ವಾರ ಹಿಡಿಯುತ್ತದೆ. ಅಷ್ಟೂ ರಾತ್ರಿ ನಮ್ಮ ವರ್ಷದ ದುಡಿಮೆ ಬಯಲಲ್ಲೇ ಬಿದ್ದಿರುತ್ತದೆ.

ಹೋದ ವರ್ಷ ಕಣಕ್ಕೊಂದು ಕ್ಯಾಮೆರಾ ಹಾಕಿಸಿದೆ. ಮೊಬೈಲಿನಲ್ಲಿ ಲೈವ್ ಕಾಣುತ್ತಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕು ಮೂಟೆ ಇಲ್ಲ. ರಾತ್ರಿ 2 ಗಂಟೆ 10 ನಿಮಿಷಕ್ಕೆ ಇಬ್ಬರು ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದು ಹೊತ್ತುಕೊಂಡು ಹೋಗಿದ್ದು ರೆಕಾರ್ಡಿಂಗ್‌ನಲ್ಲಿ ಚೆನ್ನಾಗಿಯೇ ಇತ್ತು. ಆಪ್‌ನಿಂದ ಮೆಸೇಜ್ ಕೂಡ ಬಂದಿತ್ತು. ಆದರೆ ಎಲೆ ಅಲ್ಲಾಡಿದರೂ ಇಂಗ್ಲಿಷಿನಲ್ಲಿ ಒಂದು ಮೆಸೇಜ್ ಬರುತ್ತಿದ್ದರೆ ಯಾರು ನೋಡುತ್ತಾರೆ? ಸೈಲೆಂಟ್ ಮಾಡಿ ಮಲಗಿದ್ದೆ.

ಜಗತ್ತಿನ ಮೊದಲ ವೆಬ್‌ಕ್ಯಾಮ್, ಅಂದರೆ ಕಂಪ್ಯೂಟರಿನಲ್ಲಿ ನೋಡುವ ಕ್ಯಾಮೆರಾ, ಇದ್ದದ್ದು ಕೂಡ ಕಾಫಿಯ ಮೇಲೆಯೇ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನವರು ಕಾಫಿ ಪಾತ್ರೆಗೆ ಕ್ಯಾಮೆರಾ ಇಟ್ಟರು. 1993ರಲ್ಲಿ ಅದು ವೆಬ್‌ನಲ್ಲಿ ಎಲ್ಲರಿಗೂ ಕಂಡಿತು. ಅಲ್ಲಿ ಕಾಫಿ ಬೇಕಾದವರು ತಾವೇ ಇಣುಕುತ್ತಿದ್ದರು. ನಾವು ನಿದ್ದೆಯಲ್ಲಿರುತ್ತೇವೆ, ನಮ್ಮನ್ನು ಎಬ್ಬಿಸಬೇಕು.

ಈ ಸಲ ಇಂಜಿನಿಯರಿಂಗ್ ಓದುವ ಮಗಳು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ತಂದಳು. ಅದರಲ್ಲಿ, ಕ್ಯಾಮೆರಾದ ಚಿತ್ರದಲ್ಲಿ ಏನಾದರೂ ಅಲ್ಲಾಡಿತೇ ಅಂತ ಗಮನಿಸುವ ‘ಮೋಷನ್’ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದಳು. ಚಿತ್ರ 640 ಅಗಲ, 480 ಎತ್ತರ, ಅಂದರೆ 3 ಲಕ್ಷಕ್ಕೂ ಜಾಸ್ತಿ ಚುಕ್ಕಿ. ಅದರಲ್ಲಿ 1500ಕ್ಕಿಂತ ಹೆಚ್ಚು ಬದಲಾದರೆ ಏನೋ ಅಲ್ಲಾಡಿತು ಅಂತ ಲೆಕ್ಕ. ನಾವು ಆ ಸಂಖ್ಯೆ ಏರಿಸಿದೆವು. ಸಿಲ್ವರ್ ಓಕ್ ಕೊಂಬೆ ಕಾಣುವ ಮೂಲೆಯನ್ನು ಲೆಕ್ಕದಿಂದ ಬಿಟ್ಟೆವು. ಕೆಲಸದವರು ಇರುವ ಲೈನ್ ಮನೆಗಳ ದಾರಿಯನ್ನು ಚಿತ್ರದಲ್ಲಿ ಪೂರ್ತಿ ಕಪ್ಪು ಮಾಡಿಸಿದೆ. ಅವರು ಹೋಗಿ ಬರುವುದನ್ನು ನಾನು ಯಾಕೆ ನೋಡಬೇಕು, ಅಲ್ವಾ?

ಮೊದಲು, ಬ್ರೌಸರಿನಲ್ಲಿ ಕಣದ ಚಿತ್ರ ತೋರಿಸುವ ಲೈವ್ ಪುಟ ಹತ್ತು ಸೆಕೆಂಡಿಗೊಮ್ಮೆ ಪೈಯನ್ನು ‘ಏನಾದರೂ ಇದೆಯಾ’ ಅಂತ ಕೇಳುತ್ತಿತ್ತು. ಈಗ ‘ಸರ್ವರ್ ಸೆಂಟ್ ಇವೆಂಟ್ಸ್’ ಎಂಬ ದಾರಿ ಹಿಡಿದಿದ್ದಾಳೆ. ಒಮ್ಮೆ ಪುಟ ತೆರೆದರೆ ಸಂಪರ್ಕ ಹಾಗೇ ಇರುತ್ತದೆ, ಅಲ್ಲಾಡಿದ ಕೂಡಲೇ ಪೈ ತಾನೇ ಒಂದು ಸಾಲು ಕಳಿಸುತ್ತದೆ. ವೈಫೈ ತಪ್ಪಿದರೆ ಬ್ರೌಸರ್ ತಾನಾಗಿ ಮತ್ತೆ ಸೇರಿಕೊಳ್ಳುತ್ತದೆ. ಊರಿನ ಇಂಟರ್ನೆಟ್ ಹೋದರೂ ಮನೆಯೊಳಗಿನ ವೈಫೈ ಸಾಕು. ಚಿತ್ರದ ಸುತ್ತ ಕೆಂಪು ಗೆರೆ ಬರುತ್ತದೆ. ಯಾವ ಮೂಲೆ, ಎಷ್ಟು ಹೊತ್ತು ಅಂತ ಕನ್ನಡದಲ್ಲೇ ಕಾಣುತ್ತದೆ, ಜೊತೆಗೆ ಗಂಟೆಯ ಸದ್ದೂ ಬರುತ್ತದೆ.

ಆ ಗಂಟೆ ಮೊದಲ ಎರಡು ರಾತ್ರಿ ಹೊಡೆಯಲೇ ಇಲ್ಲ. ಪುಟವನ್ನು ಯಾರಾದರೂ ಒಮ್ಮೆ ಮುಟ್ಟುವವರೆಗೆ ಬ್ರೌಸರ್ ಶಬ್ದ ಬಿಡುವುದಿಲ್ಲ ಅಂತ ಆಮೇಲೆ ತಿಳಿಯಿತು. ಈಗ ನನ್ನ ಹೆಂಡತಿ ಸಂಜೆ ದೇವರಿಗೆ ದೀಪ ಹಚ್ಚಿ, ಅಡುಗೆಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ‘ಗಂಟೆ ಶುರು’ ಒತ್ತಿ ಬರುತ್ತಾಳೆ.

ಫೆಬ್ರವರಿಯ ಒಂದು ರಾತ್ರಿ 1:40ಕ್ಕೆ ಗಂಟೆ ಹೊಡೆಯಿತು. ಕಳ್ಳರೇ ಇರಬೇಕು ಅಂದುಕೊಂಡು ಓಡಿ ಹೋಗಿ ನೋಡಿದರೆ, ಟಾರ್ಪಾಲಿನ ಒಂದು ತುದಿ ಗಾಳಿಗೆ ಪಟಪಟ ಎದ್ದು ಬೀಳುತ್ತಿತ್ತು. ಕಣಕ್ಕೆ ಇಳಿದು, ಟಾರ್ಪಾಲು ಎಳೆದು, ಅಂಚಿಗೆ ಕಲ್ಲು ಹೇರುವಷ್ಟರಲ್ಲಿ ದಪ್ಪ ಹನಿ ಶುರುವಾಯಿತು. ಅರ್ಧ ಗಂಟೆ ತಡವಾಗಿದ್ದರೆ ಒಣಗಿದ ಕಾಫಿಯೆಲ್ಲ ನೆನೆದು ಬೂಸ್ಟು ಹಿಡಿಯುತ್ತಿತ್ತು.

ಇವತ್ತು ತೋಟಕ್ಕೆ, ಅಂಗಡಿಗೆ, ಊರ ಸರ್ಕಲ್ಲಿಗೆ ಎಲ್ಲರೂ ಕ್ಯಾಮೆರಾ ಹಾಕಿಸುತ್ತಿದ್ದಾರೆ. ಮಾರುವವರು ಎಷ್ಟು ದಿನದ ರೆಕಾರ್ಡಿಂಗ್ ಉಳಿಯುತ್ತದೆ ಅಂತ ಮಾತ್ರ ಹೇಳುತ್ತಾರೆ. ಹಾಕಿಸುವವರಲ್ಲಿ, ಪಂಚಾಯಿತಿಯವರಲ್ಲಿ ನನ್ನದೊಂದು ಮನವಿ. ಹಾಕಿದ ದಿನವೇ, ಕತ್ತಲಾದ ಮೇಲೆ ಒಬ್ಬರನ್ನು ಕ್ಯಾಮೆರಾ ಮುಂದೆ ನಡೆಸಿ ನೋಡಿ. ನೋಡಬೇಕಾದವರ ಪರದೆಗೆ ಎಷ್ಟು ಸೆಕೆಂಡಿಗೆ ಸುದ್ದಿ ಬಂತು ಅಂತ ಎಣಿಸಿ. ನಮ್ಮ ಕಣದಲ್ಲಿ ಎರಡು ಸೆಕೆಂಡು. ಅದನ್ನು ತೋರಿಸಿದ ಮೇಲೆಯೇ ದುಡ್ಡು ಕೊಡಿ.

— ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು