ಮಂಡ್ಯ ಜಿಲ್ಲಾಧಿಕಾರಿಗಳಿಗೆ: ನಾನು ಹೇಳಿದ ಮಾತಿಗೆ ಒಂದು ನಂಬರ್ ಕೊಡಿಸಿ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಮಂಡ್ಯದಲ್ಲಿ 16 ವರ್ಷದಿಂದ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ರೇಷನ್ ಕಾರ್ಡ್ ವಿಷಯ ಬಿಟ್ಟು ಬೇರೆ ಯಾವುದಕ್ಕೂ ಸರ್ಕಾರಕ್ಕೆ ಅರ್ಜಿ ಬರೆದವಳಲ್ಲ. ಈಗ ಬರೆಯುತ್ತಿರುವುದು ಒಂದು ಮಗುವಿನ ವಿಷಯಕ್ಕೆ. ಪೊಲೀಸರಿಗೆ ಹೇಳಿದೆ, ಅವರು ದೂರಿನ ನಂಬರ್ ಹಾಕಿ ಬರೆದುಕೊಳ್ಳಲಿಲ್ಲ.

ನಮ್ಮ ವಠಾರದಲ್ಲಿ ಒಂದು ಹೆಣ್ಣುಮಗು ಇತ್ತು. 9 ವರ್ಷ. ಹೆಸರು, ಬೀದಿ ಬರೆಯಲ್ಲ. ಬರೆಯಬಾರದು ಅಂತ ಕಾನೂನೇ ಇದೆ. ಸ್ಕೂಲು ಬಿಟ್ಟರೆ ಮನೆಗೆ ಹೋಗದೆ ನನ್ನ ಮೆಷಿನ್ ಪಕ್ಕ ಬಂದು ಕೂರೋದು. ಡಬ್ಬಿಯಲ್ಲಿದ್ದ ಗುಂಡಿಗಳನ್ನ ಬಣ್ಣ ಬಣ್ಣ ಬೇರೆ ಮಾಡೋದು. ಕತ್ತಲಾಯ್ತು, ಹೋಗವ್ವ ಅಂದರೆ "ಇನ್ನೊಂಚೂರು ಇರ್ತೀನಿ ಆಂಟಿ" ಅನ್ನೋದು. ಮನೆಯಲ್ಲಿ ಯಾರ ಭಯ ಅಂತ ಒಂದು ದಿನ ತಾನಾಗೇ ಹೇಳಿತು. ಅದನ್ನೂ ಇಲ್ಲಿ ಬರೆಯಲ್ಲ.

ವಠಾರದವರಿಗೆ ಗೊತ್ತಿರಲಿಲ್ವಾ? ಚೆನ್ನಾಗಿ ಗೊತ್ತಿತ್ತು. ನಲ್ಲಿ ಹತ್ತಿರ ಬಿಂದಿಗೆ ತುಂಬುವವರೆಗೆ ಅದೇ ಮಾತು, ಬಿಂದಿಗೆ ಎತ್ತಿಕೊಂಡ ಮೇಲೆ ಊರ ಉಸಾಬರಿ ನಮಗ್ಯಾಕೆ. ತಮಿಳುನಾಡಿಗೆ ಕಾವೇರಿ ನೀರು ಬಿಟ್ಟರೆ ಸಂಜಯ ವೃತ್ತದಲ್ಲಿ ರಸ್ತೆಗೆ ಅಡ್ಡ ಕೂರುವ ಊರು ನಮ್ಮದು. ಗೋಡೆಯಾಚೆ ಮಗು ಅತ್ತರೆ ಟಿವಿ ಸೌಂಡ್ ಜಾಸ್ತಿ ಮಾಡುತ್ತೇವೆ. ನಾನೇನು ಸಾಚಾ ಅಲ್ಲ. ಮಗು ಹೇಳಿದ ಮೇಲೂ ಒಂದೂವರೆ ತಿಂಗಳು ಬಾಯಿ ಬಿಡಲಿಲ್ಲ. ಯೂನಿಫಾರ್ಮ್ ಹೊಲಿಯೋ ಕಾಲ, ಕೈ ತುಂಬಾ ಕೆಲಸ ಅಂತ ನನಗೆ ನಾನೇ ನೆಪ ಹೇಳಿಕೊಂಡೆ.

ಕೊನೆಗೆ ಸ್ಟೇಷನ್‌ಗೆ ಹೋದೆ. ಯಾವ ಸ್ಟೇಷನ್ ಅಂತ ನೀವು ಕರೆಸಿದರೆ ಬಂದು ಹೇಳುತ್ತೇನೆ. ಮೊದಲ ದಿನ "ಸಾಹೇಬ್ರಿಲ್ಲ". ಎರಡನೇ ದಿನ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಬೆಂಚಿನ ಮೇಲೆ ಕೂತಿದ್ದೆ. ಆ ದಿನದ ದುಡಿಮೆ ಹೋಯಿತು, ಇಬ್ಬರು ಗಿರಾಕಿಗಳು ಬಟ್ಟೆ ವಾಪಸ್ ಒಯ್ದರು. ಮೂರನೇ ದಿನ ಒಬ್ಬರು ತಲೆ ಎತ್ತಿ ಕೇಳಿದರು.

"ಆ ಮಗು ನಿಂಗೇನಾಗ್ಬೇಕವ್ವ?"

ಏನೂ ಆಗ್ಬೇಕಿಲ್ಲ ಸಾರ್ ಅಂದೆ.

"ಮತ್ತೆ ನಿಂಗ್ಯಾಕೆ? ಅವರಪ್ಪ ಅಮ್ಮನ್ನ ಕಳ್ಸು. ನಾಳೆ ಸುಳ್ಳು ಅಂತಾದ್ರೆ ನಿನ್ ಮೇಲೇ ಕೇಸಾಯ್ತದೆ."

ಒಂದು ಅಕ್ಷರ ಬರೆದುಕೊಳ್ಳಲಿಲ್ಲ. ಸಂಜೆಯೊಳಗೆ ಆ ಮನೆಯವರಿಗೆ ನನ್ನ ಹೆಸರು ಗೊತ್ತಾಗಿತ್ತು. ಅದು ಹೇಗೋ, ಆ ಶಿವನೇ ಬಲ್ಲ. ಅಂಗಡಿ ಮಾಲೀಕರು ಜಾಗ ಖಾಲಿ ಮಾಡು ಅಂದರು. 1098 ಅಂತ ಮಕ್ಕಳ ಸಹಾಯವಾಣಿ ಇದೆ ಅಂತ ಆಮೇಲೆ ಗೊತ್ತಾಯಿತು. ಫೋನ್ ಮಾಡಿದೆ, ಬಂದರು. ಅಷ್ಟರಲ್ಲಿ ಆ ಮನೆಗೆ ಬೀಗ. ಮಗು ಈಗ ಎಲ್ಲಿದೆಯೋ ಯಾರೂ ಹೇಳುತ್ತಿಲ್ಲ.

ಕಾನೂನು ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನ ಹತ್ತಿರ ಬ್ಲೌಸ್ ಹೊಲಿಸುವ ವಕೀಲರೊಬ್ಬರು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಓದಿ ಹೇಳಿದರು. ವಿಷಯ ಗೊತ್ತಾದವರು, ಹೀಗಾಗಬಹುದು ಅನ್ನೋ ಭಯ ಇದ್ದವರು ಕೂಡ, ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ನೆಂಟರೇ ಆಗಿರಬೇಕು ಅಂತ ಎಲ್ಲೂ ಇಲ್ಲ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಅದಕ್ಕಾಗಿ ಕೇಸು ಹಾಕುವಂತಿಲ್ಲ. ಹೇಳಿದ್ದನ್ನು ನಂಬರ್ ಹಾಕಿ ಬರೆದುಕೊಂಡು, ಹೇಳಿದವರಿಗೇ ಓದಿ ತೋರಿಸಬೇಕು. ತಿಳಿಸದೆ ಸುಮ್ಮನಿದ್ದರೆ 21ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಬರೆದುಕೊಳ್ಳದವರಿಗೂ ಅದೇ ಶಿಕ್ಷೆ! ಅಂದರೆ ನಮ್ಮ ವಠಾರ, ನಾನು, ಆ ಟೇಬಲ್ ಹಿಂದೆ ಕೂತಿದ್ದವರು, ಎಲ್ಲ ಒಂದೇ ಸಾಲಿನಲ್ಲಿ ನಿಲ್ಲಬೇಕು, ಅಲ್ವಾ ಸಾರ್? ನನ್ನನ್ನು ಮೊದಲು ನಿಲ್ಲಿಸಿ, ಬೇಜಾರಿಲ್ಲ.

ನಾನು ಕೇಳುವುದು ಒಂದೇ. ನಾನು ಹೇಳಿದ್ದಕ್ಕೆ ನಂಬರ್ ಕೊಡಿಸಿ. ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗಳ ಜೊತೆ ಮಾತಾಡಿ, ಮಗುವಿನ ವಿಷಯ ಹೇಳಲು ಬಂದವರಿಗೆಲ್ಲ ಅದೇ ದಿನ ನಂಬರ್ ಸಿಗುವ ಹಾಗೆ ಮಾಡಿಸಿ. ಮಕ್ಕಳ ದಿನಾಚರಣೆಗೆ ಬಲೂನು, ಭಾಷಣ ಆಮೇಲೆ ನೋಡಿಕೊಳ್ಳೋಣ. ಆ ನಂಬರ್ ಇದ್ದಿದ್ದರೆ ಮಗುವನ್ನು ಯಾರಾದರೂ ಹುಡುಕಲೇಬೇಕಿತ್ತು. ಈಗ ಸರ್ಕಾರದ ಲೆಕ್ಕದಲ್ಲಿ ನಾನು ಏನೂ ಹೇಳಿಯೇ ಇಲ್ಲ.

ಸೋಮವಾರ ಅಂಗಡಿ ಬಾಗಿಲು ಹಾಕಿ ನಾಲ್ಕನೇ ಸಲ ಅದೇ ಸ್ಟೇಷನ್‌ಗೆ ಹೋಗುತ್ತಿದ್ದೇನೆ. ಗುಂಡಿ ಡಬ್ಬಿಯನ್ನು ಆ ಮಗು ಜೋಡಿಸಿಟ್ಟ ಹಾಗೇ ಇಟ್ಟಿದ್ದೇನೆ. ಸೋಮವಾರದೊಳಗೆ ಸ್ಟೇಷನ್‌ಗೆ ಒಂದು ಫೋನ್ ಮಾಡಿಸಿ. ನಂಬರ್ ಕೊಡಿಸಿ.

ಇಂತಿ,
ಮಂಡ್ಯದ ಒಬ್ಬ ಹೊಲಿಗೆಯವಳು