ನೇರ ಖರೀದಿಯ ದರ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರಿಗೆ ಧಾರವಾಡದಿಂದ ನಮಸ್ಕಾರ.

ಡಿಸೆಂಬರ್ 1ರಿಂದ ನಮ್ಮ ಸಂಘದ ಕಸೂತಿ ಸಾಮಾನುಗಳಿಗೆ ಎಲ್ಲ ಕಡೆಯೂ ಒಂದೇ ದರ. ಬೆಂಗಳೂರು, ಮೈಸೂರಿನ ಅಂಗಡಿಗಳಲ್ಲಿ ಚೀಟಿಯ ಮೇಲೆ ಎಷ್ಟಿದೆಯೋ ಅಷ್ಟೇ, ನೀವು ನಮ್ಮ ಖೋಲಿಗೆ ಬಂದರೂ, ಫೋನ್ ಮಾಡಿ ತರಿಸಿಕೊಂಡರೂ. ದೊಡ್ಡ ಅಂಚಿನ ದುಪಟ್ಟಾ ಇಷ್ಟು ದಿನ ನಿಮಗೆ 2,700 ರೂಪಾಯಿಗೆ ಸಿಗುತ್ತಿತ್ತು. ಇನ್ನು 4,600. ಇದು ಸಣ್ಣ ಏರಿಕೆಯಲ್ಲ, ನಮಗೂ ಗೊತ್ತು. ದೀಪಾವಳಿಗೆ ಬಂದ ಕೆಲವರಿಗೆ ಬಾಯಿಮಾತಿನಲ್ಲಿ ಹೇಳಿ, ಉಳಿದವರಿಗೆ ತಿಳಿಸದೆ ಬಿಟ್ಟಿದ್ದು ನಮ್ಮ ತಪ್ಪು. ಅದಕ್ಕೆ ಮನಸ್ಸಿನಿಂದ ಕ್ಷಮೆ ಕೇಳುತ್ತೇವೆ. ಆದರೆ ದರ ತಪ್ಪು ಎಂದು ಒಪ್ಪಲಾರೆವು.

ಈ ಎರಡು ವಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿದ ಮಾತು ಇದು: "ಅಕ್ಕಾರ, ನಡುವೆ ಅಂಗಡಿಯವರಿಲ್ಲ, ನಿಮ್ಮ ಕೈಯಿಂದನ ತಗೋತೀವಿ. ಹಂಗಿದ್ರೂ ಅಂಗಡಿ ರೇಟ್ ಯಾಕ್ರೀ?"

ನ್ಯಾಯವಾದ ಪ್ರಶ್ನೆ. ಲೆಕ್ಕ ಬಿಚ್ಚಿ ಹೇಳುತ್ತೇವೆ. ಆ ದುಪಟ್ಟಾಕ್ಕೆ 30 ತಾಸಿನ ಕೆಲಸ. ತಾಸಿಗೆ 45 ರೂಪಾಯಿ ಕೊಡುತ್ತಿದ್ದೆವು, ಈಗ 55. ಅಲ್ಲಿಗೆ 1,650. ಬಟ್ಟೆ 620, ದಾರ 110, ಒಗೆದು ಇಸ್ತ್ರಿ ಮಾಡಿ ಕಟ್ಟುವುದಕ್ಕೆ 120. ಒಟ್ಟು 2,500. ಅಂಗಡಿಗೆ 2,900ಕ್ಕೆ ಕೊಡುತ್ತೇವೆ. ನಡುವಿನ 400ರಲ್ಲಿ ಖೋಲಿಯ ಬಾಡಿಗೆ, ಕರೆಂಟು, ಹೊಸ ಹುಡುಗಿಯರಿಗೆ ಕಲಿಸುವ ತಿಂಗಳುಗಳು, ಕೆಟ್ಟುಹೋದ ತುಂಡುಗಳು ಎಲ್ಲ ಬರಬೇಕು. ಅಂಗಡಿಯವರು ಅದರ ಮೇಲೆ 1,700 ಹಾಕುತ್ತಾರೆ.

ಆ 1,700 ಬಿಟ್ಟಿ ಲಾಭ ಎಂದು ನಾವೂ ವರ್ಷಗಟ್ಟಲೆ ನಂಬಿದ್ದೆವು. ಹೋದ ಚಳಿಗಾಲದಲ್ಲಿ ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಮೂವರು ಹೋಗಿ 10 ದಿನ ಕೂತೆವು. ಮಳಿಗೆ ಬಾಡಿಗೆ 18,000. ರೈಲು, ವಸತಿ, ಊಟ 14,500. ಮಾರಿದ್ದು 31 ತುಂಡು. ಊರಿಗೆ ಬಂದು ಭಾಗಿಸಿ ನೋಡಿದರೆ ಒಂದೊಂದರ ಮೇಲೆ ಸಾವಿರದ ಚಿಲ್ಲರೆ ಖರ್ಚು ಕೂತಿತ್ತು. ಮೂವರ ಹತ್ತು ದಿನದ ಪಗಾರ ಅದರಲ್ಲಿ ಸೇರಿಲ್ಲ, ಯಾಕೆಂದರೆ ನಾವು ಅದನ್ನು ತೆಗೆದುಕೊಳ್ಳಲೇ ಇಲ್ಲ. ದಿನಕ್ಕೆ 400 ಹಿಡಿದರೂ ತುಂಡಿಗೆ ಇನ್ನೂ 390ರ ಹತ್ತಿರ ಆಗುತ್ತಿತ್ತು. ಮಾರುವುದೂ ಒಂದು ಕೆಲಸ. ನಿಮಗೆ 2,700ಕ್ಕೆ ಕೊಡುವಾಗ ಆ ಕೆಲಸವನ್ನು ನಾವು ಪುಕ್ಕಟೆ ಮಾಡುತ್ತಿದ್ದೆವು. ಆ ಹತ್ತು ದಿನ ಸೂಜಿ ಹಿಡಿಯದ ಮೂವರಿಗೆ ಆ ತಿಂಗಳು ರೊಕ್ಕವೇ ಕಡಿಮೆ ಬಂತು.

ಖೋಲಿಗೇ ಬಂದು ಕೊಂಡರೆ ಇಷ್ಟು ಖರ್ಚಿಲ್ಲವಲ್ಲ ಎಂದು ನೀವು ಹೇಳಬಹುದು. ಹೌದು, ಅಷ್ಟು ಖರ್ಚಿಲ್ಲ. ಆದರೆ ಮೈಸೂರಿನ ಒಂದು ಗ್ಯಾಲರಿಯವರು ಈ ವರ್ಷ ಆರ್ಡರ್ ಅರ್ಧಕ್ಕೆ ಇಳಿಸಿದರು. ಜನ ಅವರಲ್ಲಿ ಸೀರೆ ಬಿಡಿಸಿ ನೋಡಿ, ಚೀಟಿಯ ಫೋಟೋ ತೆಗೆದು, ಬಾಗಿಲಲ್ಲೇ ನಿಂತು ನಮಗೆ ಫೋನ್ ಮಾಡುತ್ತಿದ್ದರಂತೆ. ನಾವು ಆ ಫೋನ್ ಎತ್ತಿ ಕಡಿಮೆ ದರ ಹೇಳಿದ್ದೂ ನಿಜ. ಅವರ ಬಾಡಿಗೆಯಲ್ಲಿ ನಮ್ಮ ಸಾಮಾನು ತೋರಿಸಿ, ಗಿರಾಕಿಯನ್ನು ನಾವು ಎಳೆದುಕೊಂಡಂತಾಯಿತು. ಪ್ರದರ್ಶನ ವರ್ಷಕ್ಕೆ ಒಂದೆರಡು. ಮಳೆಗಾಲದಲ್ಲಿ ಇಲ್ಲಿಗೆ ಬರುವವರೇ ಇಲ್ಲ. ಆ ತಿಂಗಳುಗಳಲ್ಲಿ ನಮ್ಮ ಹೆಂಗಸರ ಕೈಗೆ ಕೆಲಸ ಕೊಡುವುದು ಅಂಗಡಿಗಳ ಆರ್ಡರೇ.

ಮಷೀನ್ ಕಸೂತಿ ಎಂಟುನೂರಕ್ಕೆ ಸಿಗುತ್ತದೆ ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ತಿರುಗಿಸಿ ಹಿಂಬದಿ ನೋಡಿ. ನಮ್ಮ ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಎಲ್ಲೂ ಗಂಟಿಲ್ಲ. ಬಟ್ಟೆಯ ಮೇಲೆ ನಮೂನೆ ಬರೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಿಯೇ ಹಾಕಬೇಕು. ಒಂದು ಎಳೆ ತಪ್ಪಿದರೆ ಗೋಪುರದ ನಮೂನೆಯ ಎರಡು ಬದಿ ಮೇಲೆ ಹೋಗಿ ಕೂಡುವುದಿಲ್ಲ, ಅಲ್ಲಿಂದ ಬಿಚ್ಚಿ ಮತ್ತೆ ಮೊದಲಿಂದ. ರೇಷ್ಮೆಯಂಥ ನುಣುಪು ಬಟ್ಟೆಯಲ್ಲಿ ಎಳೆ ಕಾಣುವುದಿಲ್ಲವೆಂದು ಮೇಲೆ ಸಡಿಲ ನೇಯ್ಗೆಯ ಜಾಳಿ ಬಟ್ಟೆ ಇಟ್ಟು ಹಾಕಿ, ಆಮೇಲೆ ಜಾಳಿಯ ದಾರ ಒಂದೊಂದೇ ಎಳೆದು ತೆಗೆಯುತ್ತೇವೆ. ಇದನ್ನು ಹೇಳುವಾಗ ನಮಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ನವೆಂಬರ್ 30ರೊಳಗೆ ಮುಂಗಡ ಕೊಟ್ಟ ಆರ್ಡರ್‌ಗೆಲ್ಲ ಹಳೆ ದರವೇ. ಮಗಳ ಮದುವೆಗೆಂದು ಚಂದ್ರಕಾಳಿ ಎನ್ನುವ ಕಪ್ಪು ಸೀರೆಗೆ ಬಾಯಿಮಾತಿನಲ್ಲಿ ಹೇಳಿಟ್ಟ ಇಬ್ಬರು ತಾಯಂದಿರು ಮುಂಗಡ ಕೊಟ್ಟಿಲ್ಲ. ಅವರು ಕಾಳಜಿ ಮಾಡುವುದು ಬೇಡ, ಆಡಿದ ದರಕ್ಕೇ ಸೀರೆ ಮನೆಗೆ ಬರುತ್ತದೆ. ಪ್ರದರ್ಶನಗಳಲ್ಲಿ ಬಿಚ್ಚಿ ಮಡಿಸಿ ಮಡಿಕೆ ಗುರುತು ಬಿದ್ದ ತುಂಡುಗಳನ್ನು ಬೇರೆ ಕಪಾಟಿನಲ್ಲಿ ಇಟ್ಟಿದ್ದೇವೆ, ಅವುಗಳ ಬೆಲೆ ಕಡಿಮೆ. ನಮ್ಮಲ್ಲಿ ಕೊಂಡ ಯಾವುದೇ ಸೀರೆ, ದುಪಟ್ಟಾದ ಎಳೆ ಬಿಟ್ಟಿದ್ದರೆ, ಎಷ್ಟೇ ಹಳೆಯದಿರಲಿ, ತನ್ನಿ. ದುರಸ್ತಿಗೆ ಮೊದಲೂ ರೊಕ್ಕ ತೆಗೆದುಕೊಂಡಿಲ್ಲ, ಇನ್ನೂ ತೆಗೆದುಕೊಳ್ಳುವುದಿಲ್ಲ.

ಬರುವುದಾದರೆ ಮಧ್ಯಾಹ್ನ ಎರಡರ ಮೇಲೆ ಬನ್ನಿ. ಬೆಳಿಗ್ಗೆ ಬೆಳಕು ಚೆನ್ನಾಗಿರುತ್ತದೆ, ಆಗ ಎಲ್ಲರೂ ಎಳೆ ಎಣಿಸುತ್ತ ಕೂತಿರುತ್ತಾರೆ.

ನಿಮ್ಮ,
ಸಂಘದ ಕಾರ್ಯದರ್ಶಿ ಮತ್ತು ಎಲ್ಲ ಸದಸ್ಯೆಯರು